ವೈದ್ಯಕೀಯ ಸೀಟಿನ ಕಡತ ಒಂದನೇ ತರಗತಿಯಿಂದಲೇ ಆರಂಭ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಕಲ್ಲಡ್ಕದ ಆಸುಪಾಸಿನ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ವಿಜ್ಞಾನಕ್ಕೆ ಸೇರಿಸುವುದು ಎಲ್ಲಿಗೆ? ಮೂಡುಬಿದಿರೆಗೋ, ಪುತ್ತೂರಿಗೋ, ಮಂಗಳೂರಿಗೋ? ಬಳಿಕ ಹಾಸ್ಟೆಲು, ಕೋಚಿಂಗು, ದಪ್ಪ ಪುಸ್ತಕಗಳ ಚಿಂತೆ. ಡಾಕ್ಟರಾಗಬೇಕೆನ್ನುವ ವಿದ್ಯಾರ್ಥಿಯ ಅರ್ಜಿಯ ಅರ್ಧ ಭಾಗ ಅಷ್ಟು ಹೊತ್ತಿಗಾಗಲೇ ಬರೆದು ಮುಗಿದಿರುತ್ತದೆ ಎಂಬುದು ಮಾತ್ರ ಅನೇಕ ಹೆತ್ತವರಿಗೆ ತಿಳಿದಿರುವುದಿಲ್ಲ.

ಅಮೆರಿಕದಲ್ಲಿ ವೈದ್ಯಕೀಯಕ್ಕೆ ಸೇರಬಯಸುವವನು ಸಾಮಾನ್ಯವಾಗಿ ಮೊದಲು 4 ವರ್ಷಗಳ ಪದವಿ ಓದಬೇಕು, ಎಂಕ್ಯಾಟ್ ಪರೀಕ್ಷೆಯನ್ನೂ ಬರೆಯಬೇಕು. ಅಧ್ಯಾಪಕರ ಶಿಫಾರಸು ಪತ್ರ, ಆಸ್ಪತ್ರೆಯಲ್ಲಿ ಮಾಡಿದ ಸೇವೆ, ಸ್ವಂತ ಪ್ರಬಂಧ, ಸಂದರ್ಶನ ಎಲ್ಲವೂ ತೂಕಕ್ಕೆ ಬರುತ್ತವೆ. ಇಲ್ಲಿ ಪಿಯುಸಿ ಆದೊಡನೆ ಎಂಬಿಬಿಎಸ್. ಕ್ವಿಜ್ ಪದಕವಾಗಲಿ ಭಾಷಣದ ಬಹುಮಾನವಾಗಲಿ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಎರಡೇ: ನೀಟ್ ರ‍್ಯಾಂಕ್ ಮತ್ತು ದಾಖಲೆಗಳು. ಕಲ್ಲಡ್ಕದ ಕೆ.ಟಿ. ಚಹಾದ ಲೋಟದಲ್ಲಿ ಹಾಲೂ ಡಿಕಾಕ್ಷನ್ನೂ ಪದರ ಪದರವಾಗಿ ನಿಲ್ಲುವಂತೆ ಇವೆರಡೂ ಬೇರೆ ಬೇರೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ.

ಮೊದಲು ದಾಖಲೆಗಳ ವಿಚಾರ. ರಾಜ್ಯದ ಕೋಟಾದಲ್ಲಿ ಸೀಟು ಕೇಳುವ ಬಹುತೇಕ ವಿದ್ಯಾರ್ಥಿಗಳು 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಂ ಇದೆ. ಅವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ. 1ರಿಂದ 10ರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಹತ್ತು ವರ್ಷ ಪೂರ್ತಿಯಾಗಬೇಕು. ಹಳ್ಳಿಯ ಶಾಲೆಯಲ್ಲಿ 7ನೇ ತರಗತಿ ಮುಗಿಸಿದ ಮಗುವನ್ನು ಬಂಟ್ವಾಳ ಪೇಟೆಗೋ ಮೂಡುಬಿದಿರೆ ಪೇಟೆಗೋ ಸೇರಿಸಿದರೆ ಗ್ರಾಮೀಣದ ಹಕ್ಕು ಹೋಯಿತು. ಬೆಳ್ತಂಗಡಿಯಂತಹ ಪಟ್ಟಣ ಪಂಚಾಯತಿಯೂ ಇದರಲ್ಲಿ ನಗರವೇ. 8ನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ಹಿಡಿದರೆ ಕನ್ನಡ ಮಾಧ್ಯಮದ ಹಕ್ಕೂ ಹೋಯಿತು. ಶಾಲೆ ಬದಲಿಸುವುದು ತಪ್ಪಲ್ಲ. ಕಳೆದುಕೊಳ್ಳುವುದೇನು ಎಂದು ತಿಳಿದು ಬದಲಿಸಬೇಕು.

ವ್ಯಾಸಂಗ ಪ್ರಮಾಣಪತ್ರಕ್ಕೆ ಓದಿದ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಮೂರು ಶಾಲೆಗಳಲ್ಲಿ ಓದಿದವನಿಗೆ ಮೂರು ಕಡೆಯ ಅಲೆದಾಟ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾದರೆ ದಾಖಲೆ ಪುಸ್ತಕ ಎಲ್ಲಿದೆಯೆಂದು ಹುಡುಕುವುದರಲ್ಲೇ ದಿನಗಳು ಕಳೆಯುತ್ತವೆ. ಕೌನ್ಸೆಲಿಂಗ್ ದಿನಾಂಕ ಅದಕ್ಕಾಗಿ ಕಾಯುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಆರ್.ಡಿ. ಸಂಖ್ಯೆ ಸಹಿತ ಮೊದಲೇ ಪಡೆದಿರಬೇಕು. ಈ ಭಾಗದಲ್ಲಿ ಇನ್ನೊಂದು ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ರೈ, ಪೂಜಾರಿ, ಭಟ್ ಎಂಬ ಕುಲನಾಮ, ಜಾತಿ ಪತ್ರದಲ್ಲಿ ಮತ್ತೊಂದು ರೀತಿ. ಇದನ್ನು ಪ್ರಥಮ ಪಿಯುಸಿಯಲ್ಲೇ ಸರಿಪಡಿಸಿಕೊಂಡರೆ ಕೊನೆಗಳಿಗೆಯ ಗಾಬರಿ ತಪ್ಪುತ್ತದೆ.

ಇನ್ನು ರ‍್ಯಾಂಕ್. 2025ರ ನೀಟ್‌ನಲ್ಲಿ 3 ಗಂಟೆಗೆ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಜೀವಶಾಸ್ತ್ರಕ್ಕೆ 90 ಪ್ರಶ್ನೆ, ಭೌತ ಮತ್ತು ರಸಾಯನಶಾಸ್ತ್ರಗಳಿಗೆ ತಲಾ 45. ಅಂದರೆ ಅರ್ಧ ಅಂಕ ಜೀವಶಾಸ್ತ್ರದ್ದೇ. ಅದರ ಪ್ರಶ್ನೆಗಳಿಗೆ ಲೆಕ್ಕಾಚಾರ ಕಡಿಮೆಯಾದ್ದರಿಂದ ಸುಮಾರು 50 ನಿಮಿಷಗಳಲ್ಲಿ ಮುಗಿಸುವಷ್ಟು ಅಭ್ಯಾಸವಿದ್ದರೆ ಭೌತಶಾಸ್ತ್ರದ ಲೆಕ್ಕಗಳಿಗೆ ಉಸಿರಾಡಲು ಸಮಯ ಸಿಗುತ್ತದೆ. ಇದಕ್ಕೆ ಆಧಾರ ಎನ್‌ಸಿಇಆರ್‌ಟಿ ಪಠ್ಯಪುಸ್ತಕ. ಅದನ್ನು ಸಾಲು ಬಿಡದೆ, ಚಿತ್ರ ಬಿಡದೆ ಓದದವನಿಗೆ ದಪ್ಪ ಗೈಡುಗಳಿಂದ ಪ್ರಯೋಜನವಿಲ್ಲ. ಪ್ರಥಮ ಪಿಯುಸಿಗೆ ಪಬ್ಲಿಕ್ ಪರೀಕ್ಷೆಯಿಲ್ಲವೆಂದು ಹಗುರವಾಗಿ ಕಾಣುವವರಿದ್ದಾರೆ. ಮಾನವ ಶರೀರ ಕ್ರಿಯೆ, ಜೀವಕೋಶ, ಚಲನೆಯ ನಿಯಮಗಳು ಎಲ್ಲವೂ ಆ ವರ್ಷದ ಪಾಠಗಳೇ. ಮುಂದಿನ ವರ್ಷ ಅವನ್ನು ಮತ್ತೆ ಕಲಿಯುವುದು ಬಾಯಾರಿದಾಗ ಬಾವಿ ತೋಡಿದಂತೆ.

ಕನ್ನಡ ಮಾಧ್ಯಮದಿಂದ ಬಂದವರು ಅಳುಕಬೇಕಾಗಿಲ್ಲ. ದ್ಯುತಿಸಂಶ್ಲೇಷಣೆ ಬಲ್ಲವನಿಗೆ ಫೋಟೋಸಿಂಥೆಸಿಸ್ ಹೊಸ ವಿಷಯವಲ್ಲ, ಹೊಸ ಹೆಸರು ಮಾತ್ರ. ದಿನಕ್ಕೆ ಹತ್ತು ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಡುವ ಒಂದು ನೋಟ್‌ಬುಕ್ ಆರು ತಿಂಗಳಲ್ಲಿ ಅಳುಕನ್ನು ಕಳೆಯುತ್ತದೆ. 2017ರಿಂದ ನೀಟ್ ಕನ್ನಡದಲ್ಲೂ ಇದೆ. ಅರ್ಜಿ ತುಂಬುವಾಗಲೇ ಆರಿಸಿಕೊಳ್ಳಬೇಕು.

ನೀಟ್ ಪಾಸಾದರೆ ಸೀಟು ಸಿಕ್ಕಿತೆಂದು ಸಿಹಿ ಹಂಚುವ ಮನೆಗಳಿವೆ. 2025ರಲ್ಲಿ ಸುಮಾರು 22 ಲಕ್ಷ ಮಂದಿ ಬರೆದು 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ಹೆಚ್ಚು, ಅಷ್ಟೇ. ಅಲ್ಲದೆ ಪರೀಕ್ಷೆ ಬರೆದರಷ್ಟೇ ಸಾಲದು; ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಪ್ರತ್ಯೇಕ ನೋಂದಣಿ ಬೇಕು. ಮಂಗಳೂರಿನ ಕೆ.ಎಂ.ಸಿ.ಯಂತಹ ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಮುಖ್ಯವಾಗಿ ದಿಲ್ಲಿಯ ಎಂ.ಸಿ.ಸಿ. ಮೂಲಕ ಪ್ರವೇಶ. ಬಾಗಿಲಿನೆದುರೇ ಕಾಲೇಜು ಇದ್ದರೂ ಸೀಟಿನ ದಾರಿ ಸುತ್ತಿಬರುತ್ತದೆ.

ಮೊದಲ ಸಲ ರ‍್ಯಾಂಕ್ ಬಾರದಿದ್ದರೆ? 2022ರಿಂದ ನೀಟ್‌ಗೆ ಗರಿಷ್ಠ ವಯೋಮಿತಿಯಿಲ್ಲ; ಬಿಎಸ್ಸಿ ಓದುತ್ತಲೂ ಬರೆಯಬಹುದು. ಆದರೆ ಎಷ್ಟು ಸಲ ಬರೆಯುವುದೆಂದು ಮನೆಯವರೂ ಮಗುವೂ ಒಟ್ಟಿಗೆ ಕುಳಿತು ಮೊದಲೇ ನಿಶ್ಚಯಿಸುವುದು ಒಳ್ಳೆಯದು. ಮಿತಿಯಿಲ್ಲದ ಪ್ರಯತ್ನ ಹದಿನೆಂಟರ ಹುಡುಗಿಯನ್ನು ಇಪ್ಪತ್ತೆರಡಕ್ಕೆ ಬರಿಗೈಯಲ್ಲಿ ನಿಲ್ಲಿಸೀತು. ಬಿಎಸ್ಸಿ, ನರ್ಸಿಂಗ್, ಫಾರ್ಮಸಿಗಳಲ್ಲೂ ಗೌರವದ ಬದುಕಿದೆ.

ಬರುವ ಭಾನುವಾರ ಹೆತ್ತವರು ಒಂದು ಕಡತ ತೆರೆದು, ಮಗು ಓದಿದ ಶಾಲೆಗಳ ಹೆಸರು, ಊರು, ಮಾಧ್ಯಮ, ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ಮಗು ಜೀವಶಾಸ್ತ್ರದ ಮೊದಲ ಪಾಠ ತೆರೆಯಲಿ. ಎರಡಕ್ಕೂ ಕೋಚಿಂಗ್ ಶುಲ್ಕವಿಲ್ಲ.