ರ‍್ಯಾಮ್ ಅಂದ್ರೆ ರ‍್ಯಾಮ್, ಎಲ್ಲಾ ಒಂದೇ ಅಂತೆ! (ಭಾಗ 4)

"8 ಜಿಬಿ ಬೇಕಾ, 16 ಬೇಕಾ?" ಅಂಗಡಿಯಲ್ಲಿ ಕೇಳೋ ಪ್ರಶ್ನೆ ಇದೊಂದೇ. ನಿಮ್ಮ ಮದರ್‌ಬೋರ್ಡ್ ಯಾವುದು ಅಂತ ಕೇಳೋರೇ ಇಲ್ಲ. ಚಪ್ಪಲಿ ಅಂಗಡಿಯವನೂ ಕಾಲಿನ ಅಳತೆ ಕೇಳ್ತಾನೆ ಸ್ವಾಮಿ.

ನಮ್ಮಣ್ಣನ ಡಿಟಿಪಿ ಅಂಗಡಿ ಕತೆ ಕೇಳಿ. ಎಚ್61 ಬೋರ್ಡಿನ ಹಳೇ ಇಂಟೆಲ್ ಸಿಸ್ಟಮ್, 4 ಜಿಬಿ ಡಿಡಿಆರ್3. ಮದುವೆ ಸೀಸನ್, ಲಗ್ನಪತ್ರಿಕೆ ಫೈಲ್ ತೆರೆದ್ರೆ ಸಾಕು, ಏದುಸಿರು ಬಿಡ್ತಿತ್ತು. ಕಡಿಮೆ ರೇಟಿಗೆ ಸಿಕ್ತು ಅಂತ 8 ಜಿಬಿ ಸ್ಟಿಕ್ ತಂದು ಹಾಕಿದ. ಪರದೆ ಕಪ್ಪು. ವಾಪಸ್ ಒಯ್ದ್ರೆ, "ಸಾರ್, ರ‍್ಯಾಮ್ ಚೆನ್ನಾಗೇ ಇದೆ, ನಿಮ್ಮ ಬೋರ್ಡೇ ಹೋಗಿದೆ, ಬದಲಾಯಿಸ್ಬಿಡಿ" ಅಂದ್ರಂತೆ. ಅಣ್ಣ ದುಡ್ಡು ಹೊಂದಿಸೋಕೆ ಹೊರಟಿದ್ದ! ನಾನು ಹೋಗಿ ಹೊಸ ಸ್ಟಿಕ್ ತೆಗೆದು, ಹಳೇದೊಂದನ್ನೇ ಬಿಟ್ಟು ಆನ್ ಮಾಡಿದೆ. ಸಿಸ್ಟಮ್ ಎದ್ದು ಕೂತಿತು. ಹೊಸದರ ಕವರ್ ಮೇಲೆ ಸಣ್ಣಕ್ಷರದಲ್ಲಿತ್ತು: ಎಎಂಡಿ ಬೋರ್ಡಿಗೆ ಮಾತ್ರ. ಸ್ಲಾಟಿಗೆ ಸರಿಯಾಗಿ ಕೂರುತ್ತೆ, ಆದ್ರೆ ಅದರ ಚಿಪ್‌ಗಳ ಜೋಡಣೆ ಇಂಟೆಲ್ ಡೆಸ್ಕ್‌ಟಾಪಿಗೆ ಆಗಿಬರಲ್ಲ. ಬೀಗದೊಳಗೆ ತೂರೋ ಕೀಲಿಯೆಲ್ಲ ಬೀಗ ತೆಗೆಯುತ್ತಾ?

ಸರ್ವರ್‌ನಿಂದ ಕಿತ್ತ ಡಿಡಿಆರ್4 ಸ್ಟಿಕ್‌ಗಳೂ ಹಾಗೇ. ರಿಜಿಸ್ಟರ್ಡ್ ಇಸಿಸಿ ಅಂತಾರೆ. ಸೆಕೆಂಡ್‌ಹ್ಯಾಂಡಲ್ಲಿ ಅಗ್ಗ, ಅದೇ 288 ಪಿನ್ನು, ಅದೇ ಜಾಗದಲ್ಲಿ ಕಚ್ಚು. ಮಾಮೂಲಿ ಡೆಸ್ಕ್‌ಟಾಪಲ್ಲಿ ಮಾತ್ರ ಓಡಲ್ಲ. ಡಿಡಿಆರ್5ಗೂ 288 ಪಿನ್ನೇ, ಆದ್ರೆ ಕಚ್ಚು ಬೇರೆ ಕಡೆ, ವೋಲ್ಟೇಜ್ 1.2 ಅಲ್ಲ, 1.1. ಕೂರದಿದ್ರೆ ಒತ್ತಬೇಡಿ ದಯವಿಟ್ಟು, ಸ್ಲಾಟೇ ಮುರಿಯುತ್ತೆ.

"ನಂದು 12ನೇ ಜನರೇಷನ್ ಐ5, ಡಿಡಿಆರ್5 ತಾನೇ?" ಅಂತ ಕೇಳ್ತೀರಿ. ಗೊತ್ತಿಲ್ಲ! ಆ ಪ್ರೊಸೆಸರ್ ಎರಡನ್ನೂ ಒಪ್ಪುತ್ತೆ. ನಿಮ್ಮ ಬೋರ್ಡಲ್ಲಿ ಯಾವ ಸ್ಲಾಟ್ ಇದೆಯೋ ಅದೇ ಲೆಕ್ಕ. ಎಎಂಡಿಯವರಿಗೆ ಈ ಗೊಂದಲ ಇಲ್ಲ: ಎಎಂ4 ಆದ್ರೆ ಡಿಡಿಆರ್4, ಎಎಂ5 ಆದ್ರೆ ಡಿಡಿಆರ್5. ಇನ್ನು 32 ಬಿಟ್ ವಿಂಡೋಸ್ 7 ಇಟ್ಕೊಂಡಿರೋರು 8 ಜಿಬಿ ಹಾಕಿದ್ರೂ ಕೆಲಸಕ್ಕೆ ಸಿಗೋದು 4ರ ಒಳಗೇ. ಅದನ್ನೂ ಅಂಗಡಿಯಲ್ಲಿ ಹೇಳಲ್ಲ.

"ತಗೊಳ್ಳೋನೇ ತಿಳ್ಕೊಂಡು ಬರ್ಬೇಕು" ಅನ್ನೋರಿದ್ದಾರೆ. ಯಾಕೆ? ನಮ್ಮಣ್ಣನಿಗೆ ನುಡಿ ಗೊತ್ತು, ಪೇಜ್‌ಮೇಕರ್ ಗೊತ್ತು, ಯಾವ ಕಾಗದಕ್ಕೆ ಯಾವ ಶಾಯಿ ಅಂತ ಗೊತ್ತು. ಚಿಪ್ ಜೋಡಣೆ ಗೊತ್ತಿರಬೇಕಾದ್ದು ಅದನ್ನ ಮಾರಿ ಬದುಕೋರಿಗೆ. ಲಾಭ ಕಡಿಮೆ ಅಂತಾರೆ, ಒಪ್ಪಿದೆ. ಬೋರ್ಡ್ ಯಾವುದು ಅಂತ ಕೇಳೋಕೆ ಎಷ್ಟು ಖರ್ಚಾಗುತ್ತೆ?

ಅವರು ಕೇಳೋವರೆಗೆ ನೀವೇ ಮಾಡ್ಕೊಳ್ಳಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿ: ಎಷ್ಟು ಸ್ಲಾಟ್, ಎಷ್ಟು ತುಂಬಿದೆ ಅಂತ ತೋರಿಸುತ್ತೆ. ಸಿಪಿಯು-ಝಡ್ ಹಾಕ್ಕೊಂಡ್ರೆ ಬೋರ್ಡಿನ ಮಾಡೆಲ್ಲೂ ಸಿಗುತ್ತೆ. ಆ ಹೆಸರು ಹಾಕಿ ತಯಾರಕರ ಪುಟದಲ್ಲಿ ಗರಿಷ್ಠ ಎಷ್ಟು ಅಂತ ನೋಡಿ; ಎಚ್61ಗೆ 16 ಜಿಬಿ, ಅಂದ್ರೆ ಸ್ಲಾಟಿಗೆ 8. ಹಳೇ ಸ್ಟಿಕ್ ಫೋಟೋ ಫೋನಲ್ಲಿರಲಿ.

ಆಮೇಲೆ ಬಿಲ್ಲಲ್ಲಿ ಪಾರ್ಟ್ ನಂಬರ್ ಬರೆಸಿ, ಪಕ್ಕದಲ್ಲಿ ನಿಮ್ಮ ಬೋರ್ಡಿನ ಹೆಸರನ್ನೂ ಬರೆಸಿ. "ಅದೆಲ್ಲಾ ಬರ‍್ಕೊಡಲ್ಲ ಸಾರ್" ಅಂದ್ರೆ ಎದ್ದು ಪಕ್ಕದಂಗಡಿಗೆ ಹೋಗಿ.

ಮುಂದಿನ ಭಾಗ: ಪವರ್ ಸಪ್ಲೈ ವ್ಯಾಟ್ ಲೆಕ್ಕ 🔌
#ಕನ್ನಡಟೆಕ್ #ರ‍್ಯಾಮ್ #ಬಿಲ್‌ಕೇಳಿ