ಕೊಳವೆ ಹರಿದರೆ ಬಂದೂಕನ್ನೇ ಕೊಳ್ಳಬೇಕೆ?

ಮಾಲ್‌ಗಳ ಗೇಮ್ ಝೋನ್‌ಗಳಲ್ಲಿ ‘ಔಟ್ ಆಫ್ ಆರ್ಡರ್’ ಚೀಟಿ ಅಂಟಿಸಿಕೊಂಡು ನಿಂತ ಶೂಟಿಂಗ್ ಯಂತ್ರಗಳನ್ನು ನೀವೂ ನೋಡಿರುತ್ತೀರಿ. ಎಷ್ಟೋ ಸಲ ಒಳಗಿನ ಬೋರ್ಡು, ಪರದೆ, ಸೆನ್ಸರ್ ಎಲ್ಲ ಗಟ್ಟಿಮುಟ್ಟಾಗಿಯೇ ಇರುತ್ತವೆ. ಹಾಳಾಗಿರುವುದು ಬಂದೂಕಿನ ಹಿಡಿಯಿಂದ ಯಂತ್ರಕ್ಕೆ ಹೋಗುವ ಉಕ್ಕಿನ ಸುರುಳಿ ಕೊಳವೆ, ಅದರೊಳಗೆ ತುಂಡಾದ ಒಂದೆರಡು ತಂತಿ.

ಠಾಣೆಯಲ್ಲಿ ಗೇಮ್ ಪಾರ್ಲರ್ ನಡೆಸುವ ಗೆಳೆಯನಿಗಾಗಿ ನಾನು ಈ ಕೊಳವೆ ಹುಡುಕಿದೆ. ಯಂತ್ರ ಮಾರಿದವರ ಉತ್ತರ ಒಂದೇ ಸಾಲು: ‘ಕೊಳವೆ ಬಿಡಿಯಾಗಿ ಬರೋದಿಲ್ಲ, ಪೂರ್ತಿ ಗನ್ ಅಸೆಂಬ್ಲಿ ತಗೊಳ್ಳಿ.’ ಉಂಗುಷ್ಟ ಕಿತ್ತುಹೋದರೆ ಹೊಸ ಜೋಡಿ ಕೊಳ್ಳಿ ಎನ್ನುವ ಚಪ್ಪಲಿ ರಿಪೇರಿಯವನ ಹತ್ತಿರ ನಾವು ಎರಡನೇ ಸಲ ಹೋಗುತ್ತೇವೆಯೇ?

ಈ ಕೊಳವೆಯಲ್ಲಿ ಗುಟ್ಟೇನೂ ಇಲ್ಲ. ತೆಳು ಉಕ್ಕಿನ ಪಟ್ಟಿಯನ್ನು ಸುರುಳಿ ಸುತ್ತಿ, ಒಂದು ಸುತ್ತಿನ ಅಂಚನ್ನು ಇನ್ನೊಂದಕ್ಕೆ ಸಿಕ್ಕಿಸಿ ಮಾಡಿದ್ದು. ಬಚ್ಚಲಿನ ಹ್ಯಾಂಡ್ ಶವರ್ ಪೈಪೂ ಅದೇ ಜಾತಿ. ಜನ ಎಳೆದಾಡುವ ಭಾರವನ್ನು ತಂತಿಯ ಮೇಲೆ ಬೀಳದಂತೆ ಇದು ಹೊರುತ್ತದೆ, ತಂತಿ ತೀರಾ ಮಡಚಿಕೊಳ್ಳದಂತೆ ತಡೆಯುತ್ತದೆ. ಮೊದಲು ಬಿಟ್ಟುಕೊಳ್ಳುವುದು ಹಿಡಿಯ ಕೆಳಗೆ, ಬಾಗು ಹೆಚ್ಚಿರುವ ಜಾಗದಲ್ಲಿ. ಸುರುಳಿ ಬಿಚ್ಚಿಕೊಂಡರೆ ಆ ಪಟ್ಟಿಯ ಅಂಚೇ ಬ್ಲೇಡು. ಕಾಯಬೇಕಾದ ತಂತಿಯ ಸಿಪ್ಪೆಯನ್ನೇ ಕೊಯ್ಯುತ್ತದೆ, ಮಕ್ಕಳ ಬೆರಳನ್ನೂ ಬಿಡದು.

ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಿ ಇಂಥ ಕೊಳವೆಗೆ ಬರವಿಲ್ಲ. ಅಂಗಡಿಯವರು ಕೇಳುವುದು ಒಂದೇ ಮಾತು: ‘ನಾಪ್ ಬೋಲೋ.’ ಅಲ್ಲೇ ಎಲ್ಲ ನಿಲ್ಲುವುದು. ನಮ್ಮ ಕೈಗೆ ಬಂದ ಕೈಪಿಡಿಯಲ್ಲಿ ಇಡೀ ಬಂದೂಕಿಗೆ ಒಂದು ಪಾರ್ಟ್ ನಂಬರ್ ಇತ್ತು, ಕೊಳವೆಯ ಅಳತೆ ಎಲ್ಲಿಯೂ ಇರಲಿಲ್ಲ. ಒಳವ್ಯಾಸ ಸ್ವಲ್ಪ ಕಡಿಮೆಯಾದರೆ ತಂತಿಗಳ ಕಟ್ಟು ತೂರುವುದಿಲ್ಲ. ಹೊರವ್ಯಾಸ ಹೆಚ್ಚಾದರೆ ಹಿಡಿಯ ಎರಡು ಚಿಪ್ಪು ಕೂಡುವುದಿಲ್ಲ. ಕಡಿಮೆಯಾದರೆ ಕ್ಲಾಂಪ್ ಕಚ್ಚದೆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಹರಿದದ್ದನ್ನೇ ವರ್ನಿಯರ್ ಹಿಡಿದು ಅಳೆಯೋಣವೆಂದರೆ, ವರ್ಷಗಟ್ಟಲೆ ಜಗ್ಗಿಸಿಕೊಂಡು ಸಡಿಲಾದ ಸುರುಳಿ ತನ್ನ ಮೂಲ ಅಳತೆ ಹೇಳುವುದಿಲ್ಲ. ಶವರ್ ಪೈಪಿನ ಒಳಗಿನ ನಳಿಗೆಯನ್ನು ಎಳೆದು ತೆಗೆದು ಬಳಸುವ ಜುಗಾಡೂ ಉಂಟು. ಆದರೆ ಅದರ ತುದಿಯ ಅರ್ಧ ಇಂಚಿನ ನಟ್ಟು ಬಂದೂಕಿಗೆ ಕೂರದು, ಲೇತ್ ಅಂಗಡಿಗೆ ಅಲೆಯಬೇಕು.

‘ಕಂಡಕಂಡವರು ರಿಪೇರಿ ಮಾಡಿದರೆ ಅಪಾಯ’ ಎಂಬುದು ಮಾರುವವರ ವಾದ. ಗುಂಡು ಹಾರಿದಂತೆ ಕೈಗೆ ಒದೆಯುವ ಬಂದೂಕುಗಳಲ್ಲಿ ಸಾಲೆನಾಯ್ಡ್‌ನ ಕರೆಂಟೂ ಇದೇ ಕೊಳವೆಯಲ್ಲಿ ಹೋಗುತ್ತದೆ, ನಿಜ. ಹಾಗಿದ್ದರೆ ಸರಿಯಾದ ಕೊಳವೆ ಸಿಗುವಂತೆ ಮಾಡುವ ಹೊಣೆ ಅವರದೇ ಅಲ್ಲವೇ? ಅಳತೆ ಮುಚ್ಚಿಟ್ಟರೆ ಇನ್ಸುಲೇಶನ್ ಟೇಪ್ ಸುತ್ತಿದ ಬಂದೂಕು ಮಕ್ಕಳ ಕೈಗೆ ಹೋಗುತ್ತದೆ.

ಹಳೆಯ ಯಂತ್ರಗಳ ಪಾಡು ಇನ್ನೂ ಕಷ್ಟ. 1994ರ ‘ವರ್ಚುವಾ ಕಾಪ್’, 1995ರ ‘ಟೈಮ್ ಕ್ರೈಸಿಸ್’ ಬಂದೂಕುಗಳು ಹಳೆಯ ಪಿಕ್ಚರ್ ಟ್ಯೂಬಿನ ಬೆಳಕಿನ ಗೆರೆಯನ್ನು ಹಿಡಿದು ಗುರಿ ಲೆಕ್ಕ ಹಾಕುವಂಥವು. ಎಲ್‌ಸಿಡಿ ಮುಂದೆ ಅವು ಕುರುಡು. ಆ ಟ್ಯೂಬು ಈಗ ಸಿಗದು ಎಂದರೆ ಒಪ್ಪೋಣ. ಶವರ್ ಪೈಪಿನ ತಮ್ಮನೂ ಸಿಗದು ಎಂದರೆ ಹೇಗೆ ಒಪ್ಪುವುದು?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆಂದು ಸಮಿತಿ ಮಾಡಿ, ಪೋರ್ಟಲ್ಲನ್ನೂ ತೆರೆಯಿತು. ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್, ಗೃಹಬಳಕೆಯ ವಸ್ತು, ವಾಹನ. ಒಳ್ಳೆಯದೇ. ಆದರೆ ಹತ್ತು ಯಂತ್ರ ಇಟ್ಟುಕೊಂಡು ಬಾಡಿಗೆ ಕಟ್ಟುವ ನನ್ನ ಗೆಳೆಯನಂಥವನಿಗೆ ಅಲ್ಲಿ ಜಾಗವಿಲ್ಲ.

ಇದನ್ನು ಓದುವ ನಮ್ಮಲ್ಲಿ ಎಷ್ಟೋ ಜನ ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಕೈಪಿಡಿ, ಬಿಡಿಭಾಗಗಳ ಪಟ್ಟಿ ತಯಾರಿಸುವ ಕೆಲಸದಲ್ಲೇ ಇದ್ದೇವೆ. ಒಳವ್ಯಾಸ, ಹೊರವ್ಯಾಸ, ಉದ್ದ, ತುದಿಯ ಥ್ರೆಡ್ ಇವಿಷ್ಟನ್ನು ಬರೆಯಲು ಒಂದು ಸಾಲು ಸಾಕು. ಬರೆಯಿರಿ. ಮ್ಯಾನೇಜರ್ ಅದನ್ನು ತೆಗೆಯಿರಿ ಎಂದರೆ, ಯಾಕೆಂದು ಮೇಲ್‌ನಲ್ಲಿ ಬರೆದು ಕೊಡಿ ಎಂದು ಕೇಳಿ.