ಹರಿವಿನ ಗಣಿತದಲ್ಲಿ ಮೂಲಪ್ರತಿಯ ರಕ್ಷಣೆ

ತಾಳೆಗರಿಯ ಮೂಲಪ್ರತಿಯ ಮೇಲೆಯೇ ತಿದ್ದುಪಡಿ ಬರೆಯುವ ಲಿಪಿಕಾರನನ್ನು ಯಾವ ಗ್ರಂಥಸಂಪಾದಕನೂ ಕ್ಷಮಿಸಲಾರನು. ತಿದ್ದುವುದೆಲ್ಲ ನಕಲಿನ ಮೇಲೆ. ಮೂಲವು ಮೂಲವಾಗಿಯೇ ಇರತಕ್ಕದ್ದು. ಪಂಡಿತವರ್ಗಕ್ಕೆ ಮಾತ್ರ ಸಲ್ಲುವುದೆಂದು ತೋರುವ ಈ ಶಿಸ್ತು, ನೀರು ಗಾಳಿಗಳ ಚಲನೆಯನ್ನು ಗಣಕಯಂತ್ರದಲ್ಲಿ ಅನುಕರಿಸುವ ಶಾಸ್ತ್ರಕ್ಕೂ ಅಷ್ಟೇ ಅವಶ್ಯವಾಗಿದೆ.

ಮಾಂಜ್ರಾ ನದಿಯನ್ನೇ ತೆಗೆದುಕೊಳ್ಳಬಹುದು. 2025ರ ಮಳೆಗಾಲದಲ್ಲಿ ಅದು ಉಕ್ಕಿ ಹರಿದು ಭಾಲ್ಕಿ, ಔರಾದ ತಾಲೂಕುಗಳ ಹೊಲಗಳು ಮುಳುಗಿದವು. ಇಂಥ ನೆರೆಯನ್ನು ಮುಂಚಿತವಾಗಿ ಲೆಕ್ಕಹಾಕಬೇಕಾದರೆ ಬೀಳುವ ಮಳೆಯನ್ನು ತಿಳಿಸಿದರಷ್ಟೇ ಸಾಲದು. ಲೆಕ್ಕ ಹೊರಡುವ ಗಳಿಗೆಯಲ್ಲಿ ಪಾತ್ರದ ಪ್ರತಿಯೊಂದು ಸ್ಥಳದಲ್ಲಿಯೂ ನೀರಿನ ಆಳವೆಷ್ಟು, ವೇಗವೆಷ್ಟು ಎಂಬುದನ್ನೂ ಒದಗಿಸಬೇಕು. ಇದೇ ಆರಂಭಸ್ಥಿತಿ. ಒಣಪಾತ್ರದಿಂದ ಹೊರಟ ಲೆಕ್ಕವು ಸಹಜವಾದ ಹರಿವಿಗೆ ಬಂದು ಮುಟ್ಟಲು ಬಹಳ ಹೊತ್ತು ಹಿಡಿಯುತ್ತದೆ. ಆದುದರಿಂದ ಬಲ್ಲವರು ಒಮ್ಮೆ ಲೆಕ್ಕವನ್ನು ಓಡಿಸಿ, ನದಿ ತುಂಬಿ ಸ್ತಿಮಿತಕ್ಕೆ ಬಂದ ಸ್ಥಿತಿಯನ್ನು ಕಡತದಲ್ಲಿ ಉಳಿಸಿಕೊಂಡು, ಮುಂದಿನ ಪ್ರಯೋಗಗಳನ್ನೆಲ್ಲ ಅಲ್ಲಿಂದಲೇ ಹೊರಡಿಸುತ್ತಾರೆ. ಅಮೆರಿಕದ ಸೇನಾ ಇಂಜಿನಿಯರರ ದಳವು ಉಚಿತವಾಗಿ ಕೊಡುವ ಹೆಕ್-ರಾಸ್ ತಂತ್ರಾಂಶದಲ್ಲಿ ಇದಕ್ಕೆ ರೀಸ್ಟಾರ್ಟ್ ಕಡತವೆಂದು ಹೆಸರು. ಓಪನ್‌ಫೋಮ್ ಎಂಬ ಇನ್ನೊಂದರಲ್ಲಿ ಆರಂಭಸ್ಥಿತಿಯು '0' ಎಂಬ ಕೋಶದಲ್ಲಿರುತ್ತದೆ. ಕೆಲವು ಆಜ್ಞೆಗಳು ಅದನ್ನೇ ತಿದ್ದಿಬಿಡುವುದರಿಂದ, 'ಒರಿಜ್' ಎಂದು ಬಾಲ ಸೇರಿಸಿದ, ಯಾರೂ ಮುಟ್ಟಬಾರದ ಪ್ರತಿಯೊಂದನ್ನು ಪಕ್ಕದಲ್ಲಿಡುವ ರೂಢಿ ಅದರ ಪಾಠಗಳಲ್ಲಿಯೇ ಉಂಟು. ಗ್ರಂಥಭಂಡಾರಗಳ ಮರ್ಯಾದೆ ಅಲ್ಲಿಗೂ ತಲುಪಿದೆ ಎನ್ನಬೇಕು!

ಉಳಿಸಿದರೆ ಸಾಲದು, ಪೂರ್ಣವಾಗಿ ಉಳಿಸಬೇಕು. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಸ್ ಅವರು ಹಳೆಯ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಓಡಿಸಲೆಂದು ಮುದ್ರಿತ ಕಾಗದದ ಅಂಕಿಗಳನ್ನು ಯಂತ್ರಕ್ಕೆ ಕೊಟ್ಟರು. ಯಂತ್ರದೊಳಗೆ 0.506127 ಎಂದಿದ್ದುದು ಕಾಗದದಲ್ಲಿ 0.506 ಎಂದಿತ್ತು. ಸ್ವಲ್ಪಕಾಲ ಹಳೆಯದರಂತೆಯೇ ನಡೆದ ಹವೆ ಕ್ರಮೇಣ ಅದರ ಗುರುತೇ ಸಿಗದಷ್ಟು ಬೇರೆಯಾಯಿತು. ಪಾಠಾಂತರಗಳು ಹುಟ್ಟುವ ಬಗೆಯೂ ಇದೇ ಅಲ್ಲವೇ?

ನದಿಯು ವಾತಾವರಣದಷ್ಟು ಚಂಚಲವಲ್ಲ. ಇಷ್ಟು ಸೂಕ್ಷ್ಮಭೇದಕ್ಕೆ ನೆರೆಯ ಲೆಕ್ಕ ಕೆಡಲಾರದು. ಅಲ್ಲಿಯ ಅಪಾಯವೇ ಬೇರೆ. ಮೇ ತಿಂಗಳಲ್ಲಿ ಉಳಿಸಿದ ಬತ್ತಿದ ನದಿಯ ಸ್ಥಿತಿಯನ್ನು ಸೆಪ್ಟೆಂಬರಿನ ಮಳೆಗೆ ಜೋಡಿಸಿದರೆ, ನೆನೆದ ನೆಲವೂ ತುಂಬಿದ ಕಾರಂಜಾ ಜಲಾಶಯವೂ ಲೆಕ್ಕದಿಂದ ಜಾರಿಹೋಗಿ ನೆರೆಯ ಮಟ್ಟ ತಗ್ಗಾಗಿ ಕಾಣುತ್ತದೆ. ಅದನ್ನು ನಂಬಿ ದಂಡೆಯ ಹಳ್ಳಿಯವರು ದನಕರುಗಳನ್ನು ಕಟ್ಟಿದಲ್ಲಿಯೇ ಬಿಟ್ಟರೆ ಹೊಣೆ ಯಾರದು?

ಇಂದಿನ ಯಂತ್ರಗಳು ವೇಗಶಾಲಿಗಳು, ಪ್ರತಿಸಲವೂ ಮೊದಲಿನಿಂದಲೇ ಲೆಕ್ಕಹಾಕಿದರಾಯಿತು ಎಂಬ ವಾದವುಂಟು. ಕಾಲದ ಉಳಿತಾಯವೊಂದೇ ಪ್ರಯೋಜನವಾಗಿದ್ದರೆ ಅದನ್ನು ಒಪ್ಪಬಹುದಿತ್ತು. ಆದರೆ ಸೇತುವೆಯನ್ನು ಎತ್ತರಿಸಿದರೆ ಏನಾದೀತು, ಅಣೆಕಟ್ಟಿನ ಬಾಗಿಲುಗಳನ್ನು ಒಂದು ದಿನ ಮೊದಲೇ ತೆರೆದರೆ ಏನಾದೀತು ಎಂದು ಹೋಲಿಸಬೇಕಾದಾಗ ಎರಡು ಲೆಕ್ಕಗಳೂ ಒಂದೇ ಸ್ಥಿತಿಯಿಂದ ಹೊರಟಿರಬೇಕು. ಇಲ್ಲವಾದರೆ ಕಂಡ ವ್ಯತ್ಯಾಸವು ಸೇತುವೆಯದೋ ಆರಂಭದ್ದೋ ತಿಳಿಯುವುದಿಲ್ಲ.

ಬೀದರ, ಭಾಲ್ಕಿಗಳ ಇಂಜಿನಿಯರಿಂಗ್ ಕಾಲೇಜುಗಳು ಮಾಂಜ್ರಾ ಮತ್ತು ಕಾರಂಜಾಗಳ ಇಂಥ ಸ್ಥಿತಿಗಳ ಭಂಡಾರವೊಂದನ್ನು ಕೂಡಿ ಕಟ್ಟುವುದು ಉಚಿತ. ಕಟ್ಟಡಗಳಿಗೆ ಕೊಡುವ ದಾನದ ಅಲ್ಪಾಂಶವೇ ಇದಕ್ಕೆ ಸಾಕು. ಹಸ್ತಪ್ರತಿಯ ಕೊನೆಯ ಪುಷ್ಪಿಕೆಯಲ್ಲಿ ಲಿಪಿಕಾರನು ಸಂವತ್ಸರ, ತಿಥಿ, ಊರುಗಳನ್ನು ನಮೂದಿಸುತ್ತಿದ್ದಂತೆ, ಪ್ರತಿಯೊಂದು ಕಡತದ ಜೊತೆಗೂ ದಿನಾಂಕ, ಜಲಾಶಯದ ಮಟ್ಟ, ಔರಾದ ಮತ್ತು ಭಾಲ್ಕಿಯ ಮಳೆಯ ಅಳತೆ, ತಂತ್ರಾಂಶದ ಆವೃತ್ತಿ, ಸಿದ್ಧಪಡಿಸಿದವರ ಹೆಸರು ಇಷ್ಟಾದರೂ ಇರಬೇಕು.